ಮೆಡಿಕಲ್ ಫಿಸಿಕ್ಸ್ ಸ್ನಾತಕೋತ್ತರ ಓದು: ನೀರಿನ ತೊಟ್ಟಿಯಿಂದ ಶುರು ಮಾಡಿ

ಭೌತಶಾಸ್ತ್ರದ ಪದವಿ ಮುಗಿಸಿ ಮೆಡಿಕಲ್ ಫಿಸಿಕ್ಸ್ ಸ್ನಾತಕೋತ್ತರಕ್ಕೆ ಸೇರಿದವರ ಮುಂದೆ ಮೊದಲ ವಾರವೇ ವಿಷಯಗಳ ದೊಡ್ಡ ಪಟ್ಟಿ ಬಂದು ಕೂರುತ್ತದೆ: ವಿಕಿರಣ ಭೌತಶಾಸ್ತ್ರ, ಡೋಸಿಮೆಟ್ರಿ, ರೇಡಿಯೋಥೆರಪಿ, ಸಿಟಿ, ಎಂಆರ್‌ಐ, ನ್ಯೂಕ್ಲಿಯರ್ ಮೆಡಿಸಿನ್, ರೇಡಿಯೋಬಯಾಲಜಿ, ಅಂಗರಚನೆ, ವಿಕಿರಣ ಸುರಕ್ಷತೆ, ಸಂಖ್ಯಾಶಾಸ್ತ್ರ. ಒಂದೊಂದಕ್ಕೂ ಬೇರೆ ಪರೀಕ್ಷೆ, ಬೇರೆ ನೋಟ್ಸ್. ಹೀಗಾಗಿ ಒಂದೊಂದನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓದುವ ಅಭ್ಯಾಸ ಬೆಳೆದುಬಿಡುತ್ತದೆ. ಬ್ರ್ಯಾಗ್–ಗ್ರೇ ಸಿದ್ಧಾಂತವನ್ನು (ಗಾಳಿ ತುಂಬಿದ ಸಣ್ಣ ಪೊಳ್ಳು, ಅಂದರೆ ಕ್ಯಾವಿಟಿಯಲ್ಲಿ ಅಳೆದದ್ದರಿಂದ ಸುತ್ತಲಿನ ವಸ್ತುವಿನ ಡೋಸ್ ತಿಳಿಯುವ ಬಗೆ) ಪುಟಗಟ್ಟಲೆ ಬರೆಯಬಲ್ಲವರು ಕೂಡ ವಿಕಿರಣ ಅಳೆಯುವ ಚೇಂಬರಿನಿಂದ ಬಂದ 10.98 ನ್ಯಾನೊಕೂಲಂಬ್ ಎಂಬ ರೀಡಿಂಗನ್ನು ಕೈಗಿಟ್ಟು ‘ಇದು ಎಷ್ಟು ಗ್ರೇ?’ (ವಸ್ತು ಹೀರಿಕೊಂಡ ವಿಕಿರಣ ಶಕ್ತಿ, ಅಂದರೆ ಡೋಸ್, ಅಳೆಯುವ ಮಾನ) ಎಂದು ಕೇಳಿದರೆ ತಡವರಿಸುತ್ತಾರೆ.

ನಾನು ಹೇಳಬೇಕೆಂದಿರುವುದು ಇಷ್ಟು: ಮೊದಲ ಸೆಮಿಸ್ಟರಿನಲ್ಲೇ ಒಂದು ಅಳತೆಯನ್ನು ಬುಡದಿಂದ ತುದಿಯವರೆಗೆ ಕಲಿಯಿರಿ. ಆ ಅಂಕಿ ಎಲ್ಲಿಂದ ಬಂತು, ಯಾವ ಉಪಕರಣ ಕೊಟ್ಟಿತು, ಅದಕ್ಕೆ ಯಾವ ತಿದ್ದುಪಡಿ ಹಾಕಬೇಕು, ಯಾವುದನ್ನು ಹಾಕಬಾರದು, ಕೊನೆಗೆ ರೋಗಿಯ ಮೈಯಲ್ಲಿ ಅದು ಏನಾಗುತ್ತದೆ ಎಂಬ ಸರಪಳಿಯ ಪ್ರತಿ ಕೊಂಡಿಯೂ ನಿಮಗೆ ಗೊತ್ತಿರಬೇಕು. ಹಾಗಾದರೆ ಉಳಿದ ವಿಷಯಗಳು ತಾವಾಗಿಯೇ ಬಂದು ಅದಕ್ಕೆ ಕೂಡಿಕೊಳ್ಳುತ್ತವೆ.

ಆ ಒಂದು ಅಳತೆ ಯಾವುದೆಂದರೆ, ಲೀನಾಕ್‌ನ (ಕ್ಯಾನ್ಸರ್ ಚಿಕಿತ್ಸೆಯ ವಿಕಿರಣ ಯಂತ್ರ) 6 ಎಂವಿ (ಮೆಗಾವೋಲ್ಟ್) ಫೋಟಾನ್ ಬೀಮು ನೀರಿನೊಳಗೆ 10 ಸೆಂ.ಮೀ. ಆಳದಲ್ಲಿ ಕೊಡುವ ಡೋಸ್. ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಟಿಆರ್‌ಎಸ್-398 ಎಂಬ ಸಂಹಿತೆ ಇದನ್ನು ಹೆಜ್ಜೆ ಹೆಜ್ಜೆಯಾಗಿ ವಿವರಿಸುತ್ತದೆ. ಅದು ಮೊದಲು ಬಂದದ್ದು 2000ದಲ್ಲಿ, ಪರಿಷ್ಕರಣೆಯಾದದ್ದು 2024ರಲ್ಲಿ. ಯಾವ ಆವೃತ್ತಿಯ ಕೋಷ್ಟಕದಿಂದ ಅಂಕಿ ತೆಗೆದುಕೊಂಡಿರಿ ಎಂದು ಲೆಕ್ಕದ ಹಾಳೆಯಲ್ಲೇ ಬರೆದಿಡಿ. ಒಂದು ಆವೃತ್ತಿಯ ಅಂಕಿಯನ್ನು ಇನ್ನೊಂದರ ಜೊತೆ ಬೆರೆಸುವಂತಿಲ್ಲ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಮೂರೂ ದಿಕ್ಕಿನಲ್ಲಿ 30 ಸೆಂ.ಮೀ. ಇರುವ ನೀರಿನ ಫ್ಯಾಂಟಮ್ (ರೋಗಿಯ ಮೈಗೆ ಬದಲಾಗಿ ಇಡುವ ತೊಟ್ಟಿ), 0.6 ಘನ ಸೆಂ.ಮೀ. ಗಾತ್ರದ ಫಾರ್ಮರ್ ಮಾದರಿಯ ಅಯಾನ್ ಚೇಂಬರ್ (ವಿಕಿರಣ ತನ್ನೊಳಗಿನ ಗಾಳಿಯಲ್ಲಿ ಹುಟ್ಟಿಸುವ ವಿದ್ಯುದಂಶವನ್ನು ಹಿಡಿಯುವ ಸಣ್ಣ ಕೊಳವೆ), ಆ ವಿದ್ಯುದಂಶ ಓದುವ ಎಲೆಕ್ಟ್ರೋಮೀಟರ್, ಥರ್ಮಾಮೀಟರ್, ಬ್ಯಾರೋಮೀಟರ್. ನೀರಿನ ಮೇಲ್ಮೈ ಬೀಮ್ ಹೊರಡುವ ಸೋರ್ಸ್‌ನಿಂದ 100 ಸೆಂ.ಮೀ. ದೂರದಲ್ಲಿರಲಿ, ಫೀಲ್ಡ್ (ಬೀಮ್ ಬೀಳುವ ಚೌಕ) 10×10 ಸೆಂ.ಮೀ. ಇರಲಿ, ಚೇಂಬರಿನ ನಡು ಗೆರೆ ಸರಿಯಾಗಿ 10 ಸೆಂ.ಮೀ. ಆಳದಲ್ಲಿರಲಿ. ಕೇಳುವುದಕ್ಕೆ ಇಷ್ಟೇ. ಆದರೆ ತಪ್ಪುವ ಜಾಗ ಒಂದೆರಡಲ್ಲ.

ಮೊದಲನೆಯದು ನೀರು. ನಲ್ಲಿಯಿಂದ ತುಂಬಿದ ನೀರು ಕೋಣೆಯ ಉಷ್ಣತೆಗೆ ಬರಲು ಗಂಟೆಗಟ್ಟಲೆ ಬೇಕು. ಹಿಂದಿನ ದಿನವೇ ತುಂಬಿಟ್ಟರೆ ನಿಶ್ಚಿಂತೆ. ನಮಗೆ ಬೇಕಾದದ್ದು ಚೇಂಬರಿನೊಳಗಿನ ಗಾಳಿಯ ಉಷ್ಣತೆ. ಅದು ಸುತ್ತಲಿನ ನೀರಿನ ಉಷ್ಣತೆಗೆ ಬಂದು ನಿಲ್ಲುತ್ತದೆ, ಗೋಡೆಯ ಮೇಲಿನ ಥರ್ಮಾಮೀಟರಿನದಕ್ಕಲ್ಲ. ಒಂದು ಡಿಗ್ರಿ ತಪ್ಪಿದರೆ ಡೋಸ್ 0.34% ತಪ್ಪುತ್ತದೆ. ಎರಡನೆಯದು ಆಳ. 10 ಸೆಂ.ಮೀ. ಆಸುಪಾಸಿನಲ್ಲಿ 6 ಎಂವಿ ಬೀಮಿನ ಡೋಸ್ ಪ್ರತಿ ಮಿ.ಮೀ.ಗೆ ಸುಮಾರು ಅರ್ಧ ಶೇಕಡಾ ಇಳಿಯುತ್ತದೆ. ತೊಟ್ಟಿಯನ್ನು ತೆರೆದಿಟ್ಟು ಇಡೀ ದಿನ ಅಳತೆ ಮಾಡಿದರೆ ನೀರು ಆವಿಯಾಗಿ ಮಟ್ಟ ಕೆಳಗಿಳಿಯುತ್ತದೆ. ಬೆಳಗ್ಗೆ ಸರಿಯಿದ್ದ ಆಳ ಸಂಜೆಗೆ ಸರಿಯಿರುವುದಿಲ್ಲ. ಮೂರನೆಯದು ಚೇಂಬರಿನ ಸ್ಥಾನ. ಆಳದ ಜೊತೆ ಡೋಸ್ ಬದಲಾಗುವ ಗ್ರಾಫ್ ಅಳೆಯುವಾಗ ಪರಿಣಾಮಕಾರಿ ಬಿಂದುವೆಂದು ಚೇಂಬರಿನ ಒಳ ತ್ರಿಜ್ಯದ 0.6 ಪಟ್ಟು, ಅಂದರೆ ಫಾರ್ಮರ್‌ಗೆ ಸುಮಾರು 1.8 ಮಿ.ಮೀ. ಸರಿಸುತ್ತೇವೆ. ಕ್ಯಾಲಿಬ್ರೇಷನ್ನಿನಲ್ಲಿ, ಅಂದರೆ ಈಗ ಮಾಡುತ್ತಿರುವ ಅಳತೆಯಲ್ಲಿ, ಹಾಗೆ ಸರಿಸಬಾರದು. ಆ ಪರಿಣಾಮ ಮುಂದೆ ಲೆಕ್ಕದಲ್ಲಿ ಬರುವ ಬೀಮ್ ಗುಣಮಟ್ಟದ ಗುಣಕದೊಳಗೇ ಸೇರಿಹೋಗಿದೆ. ಸರಿಸಿದರೆ ಒಂದೇ ತಿದ್ದುಪಡಿ ಎರಡು ಸಲ ಬಿತ್ತು ಎಂದರ್ಥ. ಈ ‘ಎರಡು ಸಲ’ ಎಂಬ ಮಾತು ಮುಂದೆ ಮತ್ತೆ ಬರುತ್ತದೆ.

ಎಲೆಕ್ಟ್ರೋಮೀಟರ್ ಹಚ್ಚಿದ ಕೂಡಲೇ ರೀಡಿಂಗ್ ತೆಗೆಯಬೇಡಿ. ಅದು ಬಿಸಿಯಾಗಲಿ, ಚೇಂಬರಿಗೆ ಒಂದೆರಡು ಗ್ರೇ ಬೀಮ್ ಬೀಳಲಿ, ಬೀಮ್ ಇಲ್ಲದಾಗ ಲೀಕೇಜ್ ಕರೆಂಟ್ ಎಷ್ಟಿದೆ ನೋಡಿ. ವೋಲ್ಟೇಜ್ ಬದಲಿಸಿದಾಗಲೆಲ್ಲ ಕೆಲವು ನಿಮಿಷ ಕಾದು, ರೀಡಿಂಗ್ ಒಂದೇ ಕಡೆ ನಿಂತ ಮೇಲೆಯೇ ಬರೆದುಕೊಳ್ಳಿ.

ಈಗ ಲೆಕ್ಕ. ಒಂದು ಉದಾಹರಣೆಯನ್ನು ಕಟ್ಟಿ ತೋರಿಸುತ್ತೇನೆ, ಪೆನ್ನು ಹಿಡಿದು ಜೊತೆಗೇ ಮಾಡಿ. 100 ಎಂಯುಗೆ (ಮಾನಿಟರ್ ಯೂನಿಟ್, ಯಂತ್ರ ಎಷ್ಟು ಬೀಮ್ ಕೊಟ್ಟಿತೆಂಬ ಎಣಿಕೆ) ಬಂದ ಸರಾಸರಿ ರೀಡಿಂಗ್ 10.98 ನ್ಯಾನೊಕೂಲಂಬ್. ನೀರಿನ ಉಷ್ಣತೆ 24.0 ಡಿಗ್ರಿ ಸೆಲ್ಸಿಯಸ್, ಗಾಳಿಯ ಒತ್ತಡ 91.0 ಕಿಲೋಪ್ಯಾಸ್ಕಲ್. ಚೇಂಬರಿನ ಸರ್ಟಿಫಿಕೇಟ್ ಕೊಟ್ಟಿರುವುದು 20 ಡಿಗ್ರಿ, 101.325 ಕಿಲೋಪ್ಯಾಸ್ಕಲ್ ಸ್ಥಿತಿಗೆ. ಆಗ ಉಷ್ಣತೆ–ಒತ್ತಡದ ತಿದ್ದುಪಡಿ 297.2 ಭಾಗಿಸು 293.2, ಗುಣಿಸು 101.325 ಭಾಗಿಸು 91.0. ಉತ್ತರ 1.1287. ವೋಲ್ಟೇಜನ್ನು ಅದಲು ಬದಲು ಮಾಡಿ ನೋಡಿದಾಗ ವ್ಯತ್ಯಾಸ ಕಾಣದಿದ್ದರೆ ಪೋಲಾರಿಟಿ ತಿದ್ದುಪಡಿ 1.000. 300 ವೋಲ್ಟಿನಲ್ಲಿ 10.98, 150 ವೋಲ್ಟಿನಲ್ಲಿ 10.936 ಬಂದಿದೆ ಎನ್ನೋಣ. ಎರಡರ ಅನುಪಾತ 1.004. ಲೀನಾಕ್‌ನಂಥ ಪಲ್ಸ್ ಬೀಮಿನಲ್ಲಿ, ವೋಲ್ಟೇಜ್ ಅರ್ಧಕ್ಕೆ ಇಳಿಸಿದಾಗ, ಈ ಅನುಪಾತವೇ ಹೆಚ್ಚೂಕಡಿಮೆ ರೀಕಾಂಬಿನೇಷನ್ ತಿದ್ದುಪಡಿ (ಅಳೆಯುವ ಮುನ್ನವೇ ಮತ್ತೆ ಕೂಡಿಹೋದ ಅಯಾನುಗಳಿಗೆ): 1.004. ಇವೆಲ್ಲವನ್ನೂ ಗುಣಿಸಿದರೆ ತಿದ್ದಿದ ರೀಡಿಂಗ್ 12.44 ನ್ಯಾನೊಕೂಲಂಬ್.

ಮಾನಕ ಪ್ರಯೋಗಾಲಯ ಕೋಬಾಲ್ಟ್-60 ಬೀಮಿನಲ್ಲಿ ಕೊಟ್ಟ ಗುಣಾಂಕ ಪ್ರತಿ ನ್ಯಾನೊಕೂಲಂಬಿಗೆ 0.0540 ಗ್ರೇ ಇರಲಿ. ನಮ್ಮ ಬೀಮು ಕೋಬಾಲ್ಟ್ ಅಲ್ಲ, 6 ಎಂವಿ. ಅದಕ್ಕೆ ಬೀಮ್ ಗುಣಮಟ್ಟದ ಗುಣಕ 0.991 ಎಂದಿಟ್ಟುಕೊಳ್ಳಿ. ಇದನ್ನು ಕೋಷ್ಟಕದಿಂದ ತೆಗೆಯಲು 20 ಮತ್ತು 10 ಸೆಂ.ಮೀ. ಆಳಗಳ ಟಿಶ್ಯೂ–ಫ್ಯಾಂಟಮ್ ಅನುಪಾತ (ಚೇಂಬರನ್ನು ಸೋರ್ಸ್‌ನಿಂದ ಒಂದೇ ದೂರದಲ್ಲಿಟ್ಟು ಅಳೆದದ್ದು) ಬೇಕು. ನೇರವಾಗಿ ಅಳೆಯುವುದು ಕಷ್ಟವಾದರೆ ಆ ಎರಡು ಆಳಗಳ ಡೆಪ್ತ್ ಡೋಸ್ (ಗರಿಷ್ಠ ಡೋಸಿನ ಎಷ್ಟು ಶೇಕಡಾ ಆ ಆಳದಲ್ಲಿದೆ ಎಂಬುದು) ಅನುಪಾತವನ್ನು 1.2661ರಿಂದ ಗುಣಿಸಿ 0.0595 ಕಳೆದರೂ ಸಾಕು. 12.44 × 0.0540 × 0.991, ಅಂದರೆ 0.666 ಗ್ರೇ. 10 ಸೆಂ.ಮೀ. ಆಳದಲ್ಲಿ ಡೆಪ್ತ್ ಡೋಸ್ 66.7% ಇದ್ದರೆ, ಗರಿಷ್ಠ ಡೋಸಿನ ಆಳದಲ್ಲಿ 100 ಎಂಯುಗೆ 99.8 ಸೆಂಟಿಗ್ರೇ. ಎಂಯು ಒಂದಕ್ಕೆ ಒಂದು ಸೆಂಟಿಗ್ರೇ ಎಂದು ಹೊಂದಿಸಿದ ಯಂತ್ರ 0.2% ಮಾತ್ರ ಕಡಿಮೆ ಕೊಡುತ್ತಿದೆ. ಚೆನ್ನಾಗಿದೆ.

ಇಲ್ಲಿಗೆ ನಿಲ್ಲಿಸಬೇಡಿ. ಪಾಠದಲ್ಲಿ ಓದಿದ ಬ್ರ್ಯಾಗ್–ಗ್ರೇ ಇದೇ ಅಂಕಿಯೊಳಗೆ ಕೂತಿದೆ, ಹೊರಗೆ ತೆಗೆದು ನೋಡಿ. 0.6 ಘನ ಸೆಂ.ಮೀ. ಒಣ ಗಾಳಿಯ ತೂಕ ಸುಮಾರು 0.72 ಮಿಲಿಗ್ರಾಂ. ಗಾಳಿಯಲ್ಲಿ ಒಂದು ಕೂಲಂಬ್ ಅಯಾನು ಹುಟ್ಟಿಸಲು 33.97 ಜೂಲ್ ಬೇಕು. 12.44 ನ್ಯಾನೊಕೂಲಂಬನ್ನು 33.97ರಿಂದ ಗುಣಿಸಿ ಆ ತೂಕದಿಂದ ಭಾಗಿಸಿದರೆ ಗಾಳಿಗೆ ಬಿದ್ದ ಡೋಸ್ ಸುಮಾರು 0.585 ಗ್ರೇ. ನೀರು–ಗಾಳಿ ಸ್ಟಾಪಿಂಗ್ ಪವರ್ ಅನುಪಾತ (ಎರಡರಲ್ಲೂ ಎಲೆಕ್ಟ್ರಾನುಗಳು ಶಕ್ತಿ ಕಳೆದುಕೊಳ್ಳುವ ದರಗಳ ಅನುಪಾತ) ಈ ಬೀಮಿಗೆ ಸುಮಾರು 1.12. ಗುಣಿಸಿದರೆ 0.655 ಗ್ರೇ. ಸರ್ಟಿಫಿಕೇಟ್ ದಾರಿಯಲ್ಲಿ ಬಂದದ್ದು 0.666. ಎರಡು ಬೇರೆ ಬೇರೆ ದಾರಿಗಳು, ಎರಡು ಶೇಕಡಾದೊಳಗೆ ಒಂದೇ ಕಡೆ ಬಂದು ಸೇರಿವೆ. ಉಳಿದ ವ್ಯತ್ಯಾಸ ಎಲ್ಲಿಂದ? ‘0.6’ ಎಂಬುದು ಹೆಸರಿಗಷ್ಟೇ, ಪ್ರತಿ ಚೇಂಬರಿನ ನಿಜ ಗಾತ್ರ ತುಸು ಬೇರೆ. ಗೋಡೆ, ನಡುವಿನ ಕಡ್ಡಿ, ಗಾಳಿಯ ಗುಳ್ಳೆ ಇವೆಲ್ಲ ಬೀಮನ್ನು ಕೊಂಚ ಕೆಡಿಸುತ್ತವೆ. ಅದಕ್ಕಾಗಿಯೇ ಪ್ರತಿ ಚೇಂಬರಿಗೂ ಅದರದೇ ಸರ್ಟಿಫಿಕೇಟ್ ಬೇಕು. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿದವರಿಗೆ ಕ್ಯಾವಿಟಿ ಸಿದ್ಧಾಂತ ಮತ್ತೆ ಮರೆಯುವುದಿಲ್ಲ. ನನಗೆ ಈ ಇಡೀ ಓದಿನಲ್ಲಿ ಅತ್ಯಂತ ಪ್ರಿಯವಾದ ಗಳಿಗೆ ಇದೇ.

ಒತ್ತಡದ ವಿಚಾರಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ಇದು ಸಣ್ಣ ತಪ್ಪಲ್ಲ. 91 ಕಿಲೋಪ್ಯಾಸ್ಕಲ್ ಎಂದರೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು. ಹವಾಮಾನ ಆ್ಯಪ್‌ಗಳು ತೋರಿಸುವ ಒತ್ತಡ ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ್ದು. ಬ್ಯಾರೋಮೀಟರ್ ಸಿಗಲಿಲ್ಲವೆಂದು ಅದನ್ನು ನೋಡಿ 101.3 ಎಂದು ಬರೆದುಕೊಂಡರೆ 1.1287ರ ಜಾಗದಲ್ಲಿ 1.0139 ಬಂದು ಕೂರುತ್ತದೆ. ಲೆಕ್ಕದಲ್ಲಿ ಯಂತ್ರ 10% ಕಡಿಮೆ ಕೊಡುತ್ತಿರುವಂತೆ ಕಾಣುತ್ತದೆ. ಅದನ್ನು ‘ಸರಿಪಡಿಸಿದರೆ’ ಪ್ರತಿ ರೋಗಿಗೂ 11% ಹೆಚ್ಚು ಡೋಸ್ ಹೋಗುತ್ತದೆ. 5% ವ್ಯತ್ಯಾಸಕ್ಕೇ ಗೆಡ್ಡೆಯ ನಿಯಂತ್ರಣದಲ್ಲೂ ಪಕ್ಕದ ಅಂಗಗಳ ಹಾನಿಯಲ್ಲೂ ಬದಲಾವಣೆ ಕಾಣುವ ಚಿಕಿತ್ಸೆ ಇದು. ಹಾಗೆಯೇ ಸರ್ಟಿಫಿಕೇಟಿನಲ್ಲಿ ಮೂಲ ಉಷ್ಣತೆ 20 ಡಿಗ್ರಿಯೋ 22 ಡಿಗ್ರಿಯೋ ನೋಡಿಕೊಳ್ಳಿ. ಕೆಲವು ದೇಶಗಳ ಪ್ರಯೋಗಾಲಯಗಳು 22 ಬಳಸುತ್ತವೆ. ಗಮನಿಸದಿದ್ದರೆ 0.7% ಹೋಯಿತು.

ಇನ್ನೊಂದು 3% ಕಳೆಯುವ ಜಾಗವಿದೆ. ಯಂತ್ರವನ್ನು ‘ಮೇಲ್ಮೈ 100 ಸೆಂ.ಮೀ.ನಲ್ಲಿದ್ದಾಗ ಗರಿಷ್ಠ ಆಳದಲ್ಲಿ 1 ಸೆಂಟಿಗ್ರೇ’ ಎಂದು ಹೊಂದಿಸಬಹುದು, ಇಲ್ಲವೇ ‘ಐಸೊಸೆಂಟರಿನಲ್ಲಿ 1 ಸೆಂಟಿಗ್ರೇ’ (ಐಸೊಸೆಂಟರ್ ಎಂದರೆ ಯಂತ್ರ ಸುತ್ತುವ ನಡುಬಿಂದು, ಸೋರ್ಸ್‌ನಿಂದ 100 ಸೆಂ.ಮೀ.) ಎಂದೂ ಹೊಂದಿಸಬಹುದು. 6 ಎಂವಿಗೆ ಗರಿಷ್ಠ ಆಳ 1.5 ಸೆಂ.ಮೀ. ಎಂದರೆ ಎರಡರ ನಡುವಿನ ಅಂತರ 101.5ನ್ನು 100ರಿಂದ ಭಾಗಿಸಿ ವರ್ಗ ಮಾಡಿದಷ್ಟು, 1.03. ಪ್ಲ್ಯಾನಿಂಗ್ ಸಿಸ್ಟಮ್ (ಚಿಕಿತ್ಸೆಯ ಡೋಸ್ ಲೆಕ್ಕ ಹಾಕುವ ಕಂಪ್ಯೂಟರ್) ಒಂದನ್ನು ನಂಬಿ ಕುಳಿತು, ಯಂತ್ರ ಇನ್ನೊಂದರಂತೆ ನಡೆದರೆ ಆ 3% ಎಲ್ಲರಿಗೂ, ಎಲ್ಲ ದಿನವೂ ತಪ್ಪುತ್ತಿರುತ್ತದೆ.

ದೂರದ ತಿದ್ದುಪಡಿ ಎರಡು ಸಲ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ದಾಖಲೆಯಲ್ಲಿರುವ ಘಟನೆಯೇ ಇದೆ. ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ 1982ರಲ್ಲಿ ಕಂಪ್ಯೂಟರ್ ಪ್ಲ್ಯಾನಿಂಗ್ ಬಂತು. ಅದು ದೂರದ ತಿದ್ದುಪಡಿಯನ್ನು ತಾನೇ ಹಾಕುತ್ತಿತ್ತು. ಅದಕ್ಕೆ ಮೊದಲು ಕೈಯಿಂದ ಹಾಕುತ್ತಿದ್ದ ತಿದ್ದುಪಡಿಯನ್ನು ಯಾರೂ ನಿಲ್ಲಿಸಲಿಲ್ಲ. 1991ರಲ್ಲಿ ಪತ್ತೆಯಾಗುವವರೆಗೆ ಸುಮಾರು ಸಾವಿರ ರೋಗಿಗಳಿಗೆ ಕಡಿಮೆ ಡೋಸ್ ಹೋಯಿತು. ಯಂತ್ರ ಕೆಟ್ಟಿರಲಿಲ್ಲ, ಸೂತ್ರವೂ ತಪ್ಪಿರಲಿಲ್ಲ. ಆ ಅಂಕಿಯೊಳಗೆ ಆಗಲೇ ಏನೇನು ಸೇರಿದೆ ಎಂದು ಯಾರೂ ಕೇಳಲಿಲ್ಲ, ಅಷ್ಟೇ. ಮೆಡಿಕಲ್ ಫಿಸಿಕ್ಸ್ ವಿದ್ಯಾರ್ಥಿ ಎರಡು ವರ್ಷದಲ್ಲಿ ಕಲಿಯಬೇಕಾದ ಪ್ರಶ್ನೆ ಇದೇ.

ಸಣ್ಣ ಫೀಲ್ಡುಗಳದ್ದು ಬೇರೆಯೇ ಕಥೆ. ಫಾರ್ಮರ್ ಚೇಂಬರಿನ ಒಳಗಿನ ಗಾಳಿ ಸುಮಾರು 24 ಮಿ.ಮೀ. ಉದ್ದ. ಅದನ್ನು 10 ಮಿ.ಮೀ. ಅಗಲದ ಸ್ಟೀರಿಯೊಟ್ಯಾಕ್ಟಿಕ್ (ಸಣ್ಣ ಗುರಿಗೆ ನಿಖರವಾಗಿ ಬಿಡುವ) ಬೀಮಿನಲ್ಲಿಟ್ಟರೆ ಚೇಂಬರಿನ ಅರ್ಧಕ್ಕಿಂತ ಹೆಚ್ಚು ಭಾಗ ಬೀಮಿನ ಹೊರಗೇ ಉಳಿಯುತ್ತದೆ. ರೀಡಿಂಗ್ ಕಡಿಮೆ ಬರುತ್ತದೆ, ಬೀಮ್ ದುರ್ಬಲ ಎಂದು ತಿಳಿದ ಪ್ಲ್ಯಾನಿಂಗ್ ಸಿಸ್ಟಮ್ ಎಂಯು ಹೆಚ್ಚಿಸುತ್ತದೆ, ರೋಗಿಗೆ ಮಿತಿ ಮೀರಿದ ಡೋಸ್ ಹೋಗುತ್ತದೆ. ಫ್ರಾನ್ಸಿನ ಟುಲೂಸ್‌ನಲ್ಲಿ 2006–07ರಲ್ಲಿ 145 ರೋಗಿಗಳಿಗೆ ಆದದ್ದು ಇದೇ ಬಗೆಯ ತಪ್ಪಿನಿಂದ: ಸಣ್ಣ ಬೀಮಿಗೆ ದೊಡ್ಡ ಡಿಟೆಕ್ಟರ್. 2017ರಲ್ಲಿ ಬಂದ ಟಿಆರ್‌ಎಸ್-483 ಈ ಸಣ್ಣ ಫೀಲ್ಡುಗಳಿಗೆಂದೇ ಬರೆದ ಸಂಹಿತೆ. ಪ್ರಯೋಗಾಲಯದಲ್ಲಿ ಅವಕಾಶ ಸಿಕ್ಕರೆ 4, 3, 2, 1 ಸೆಂ.ಮೀ. ಫೀಲ್ಡುಗಳಿಗೆ ಔಟ್‌ಪುಟ್ ಫ್ಯಾಕ್ಟರನ್ನು (10×10 ಫೀಲ್ಡಿಗೆ ಹೋಲಿಸಿದ ಡೋಸ್) ಫಾರ್ಮರ್, ಸಣ್ಣ ಅಯಾನ್ ಚೇಂಬರ್, ಡಯೋಡ್, ಫಿಲ್ಮ್ ನಾಲ್ಕರಲ್ಲೂ ಅಳೆದು ಒಂದೇ ಗ್ರಾಫಿನಲ್ಲಿ ಇಡಿ. ಗೆರೆಗಳು ಎಲ್ಲಿ ಬೇರೆಯಾಗುತ್ತವೆ ಎಂದು ಕಣ್ಣಾರೆ ನೋಡಿದ ಮೇಲೆ ಪುಸ್ತಕದ ಹತ್ತು ಪುಟ ಓದುವ ಶ್ರಮ ಉಳಿಯುತ್ತದೆ.

ರೇಡಿಯೋಬಯಾಲಜಿಯನ್ನು ಭೌತಶಾಸ್ತ್ರದಿಂದ ಬಂದವರು ಸಾಮಾನ್ಯವಾಗಿ ಬಾಯಿಪಾಠದ ವಿಷಯ ಎಂದುಕೊಳ್ಳುತ್ತಾರೆ. ಹಾಗಲ್ಲ. ಅದೇ ಸರಪಳಿಯ ಮುಂದಿನ ಕೊಂಡಿ ಅದು: ಗ್ರೇ ಗೊತ್ತಾಯಿತು, ಜೀವಕೋಶಕ್ಕೆ ಅದು ಎಷ್ಟು? ಲೀನಿಯರ್–ಕ್ವಾಡ್ರಾಟಿಕ್ ಮಾದರಿಯಲ್ಲಿ ಜೈವಿಕ ಪರಿಣಾಮಕಾರಿ ಡೋಸ್ ಎಂದರೆ ಒಟ್ಟು ಡೋಸನ್ನು ‘ಒಂದು ಕೂಡಿಸು, ಪ್ರತಿ ಸಲದ ಡೋಸ್ ಭಾಗಿಸು ಆಲ್ಫಾ–ಬೀಟಾ ಅನುಪಾತ’ (ಪ್ರತಿ ಸಲದ ಡೋಸಿನ ಗಾತ್ರಕ್ಕೆ ಅಂಗಾಂಶ ಎಷ್ಟು ಸೂಕ್ಷ್ಮ ಎಂದು ಹೇಳುವ ಅಂಕಿ) ಎಂಬುದರಿಂದ ಗುಣಿಸಿದ್ದು. 2 ಗ್ರೇಯಂತೆ 30 ಸಲ, ಒಟ್ಟು 60 ಗ್ರೇ. ಗೆಡ್ಡೆಗೆ ಅನುಪಾತ 10 ಎಂದರೆ 72, ನಿಧಾನವಾಗಿ ಪ್ರತಿಕ್ರಿಯಿಸುವ ಆರೋಗ್ಯವಂತ ಅಂಗಾಂಶಕ್ಕೆ 3 ಎಂದರೆ 100. ಈಗ 2.75 ಗ್ರೇಯಂತೆ 20 ಸಲ, ಒಟ್ಟು 55 ಗ್ರೇ ಕೊಟ್ಟು ನೋಡಿ. ಗೆಡ್ಡೆಗೆ 70.1, ಅಂಗಾಂಶಕ್ಕೆ 105.4. ಒಟ್ಟು ಗ್ರೇ ಕಡಿಮೆಯಾಯಿತು, ಗೆಡ್ಡೆಯ ಮೇಲಿನ ಪೆಟ್ಟು ತುಸು ತಗ್ಗಿತು, ಆದರೆ ತಡವಾಗಿ ಬರುವ ಹಾನಿ ಹೆಚ್ಚಿತು. ಹಳೆಯ ಚಿಕಿತ್ಸೆಯ ಡೋಸಿಗೆ ಹೊಸದನ್ನು ನೇರವಾಗಿ ಕೂಡಿಸುವುದು, ಒಂದು ಕಡೆ ಜೈವಿಕ ಡೋಸ್, ಇನ್ನೊಂದು ಕಡೆ 2 ಗ್ರೇ ಸಮಾನ ಡೋಸ್ (ಪ್ರತಿ ಸಲ 2 ಗ್ರೇಯಂತೆ ಕೊಟ್ಟರೆ ಅದೇ ಪರಿಣಾಮ ಬೀರುವ ಒಟ್ಟು ಡೋಸ್) ಹಿಡಿದು ಹೋಲಿಸುವುದು, ಇವೆರಡೂ ಪದೇ ಪದೇ ಕಾಣುವ ತಪ್ಪುಗಳು. ಪ್ರತಿ ಅಂಕಿಯ ಪಕ್ಕದಲ್ಲಿ ಅನುಪಾತ ಯಾವುದು ಎಂದು ಬರೆಯಿರಿ. ಅದಿಲ್ಲದ ಜೈವಿಕ ಡೋಸಿಗೆ ಅರ್ಥವೇ ಇಲ್ಲ.

ಅಂಗರಚನೆಯ ಬಗ್ಗೆ ಒಂದೇ ಮಾತು. ಚಿತ್ರಪುಸ್ತಕದ ಬದಲು ಸಿಟಿ ಸ್ಲೈಸುಗಳಲ್ಲಿ ಕಲಿಯಿರಿ. ಬೆನ್ನುಹುರಿ, ಪೆರೋಟಿಡ್ ಎಂಬ ಜೊಲ್ಲು ಗ್ರಂಥಿ, ಮೂತ್ರಕೋಶ, ಗುದನಾಳ, ಹೃದಯ ಇವುಗಳನ್ನು ಸ್ಲೈಸಿನಿಂದ ಸ್ಲೈಸಿಗೆ ಮೌಸಿನಲ್ಲಿ ಗುರುತಿಸಲು ಬಂದರೆ ನಿಮಗೆ ಬೇಕಾದಷ್ಟು ಬಂತು.

ಇಮೇಜಿಂಗ್ ಪತ್ರಿಕೆಗಳಲ್ಲೂ ಅದೇ ಪ್ರಶ್ನೆ ಕೇಳುತ್ತಾ ಹೋಗಿ. ಸಿಟಿ ಯಂತ್ರದ ಪರದೆ ಮೇಲೆ ಬರುವ ಸಿಟಿಡಿಐ (ಸಿಟಿ ಡೋಸ್ ಸೂಚ್ಯಂಕ) ರೋಗಿಯ ಡೋಸ್ ಅಲ್ಲ, ಪ್ಲಾಸ್ಟಿಕ್ ಫ್ಯಾಂಟಮಿನದು. ತಲೆಗೆ 16 ಸೆಂ.ಮೀ., ಹೊಟ್ಟೆಗೆ 32 ಸೆಂ.ಮೀ. ವ್ಯಾಸ. 100 ಮಿ.ಮೀ. ಉದ್ದದ ಪೆನ್ಸಿಲ್ ಚೇಂಬರನ್ನು ನಡುವಿನ ತೂತಿಗೂ ಅಂಚಿನ ತೂತುಗಳಿಗೂ ಹಾಕಿ, ನಡುವಿನದರ ಮೂರನೇ ಒಂದು ಭಾಗ, ಅಂಚಿನ ಸರಾಸರಿಯ ಮೂರನೇ ಎರಡು ಭಾಗ ಕೂಡಿಸುತ್ತೇವೆ. ಒಂದೇ ಎಕ್ಸ್-ರೇ ಔಟ್‌ಪುಟ್ಟಿಗೆ ಸಣ್ಣ ಫ್ಯಾಂಟಮಿನ ಅಂಕಿ ದೊಡ್ಡದರ ಸುಮಾರು ಎರಡು ಪಟ್ಟು. ಹಾಗಾಗಿ ಮಗುವಿನ ಹೊಟ್ಟೆಯ ಸ್ಕ್ಯಾನಿಗೆ ಯಾವ ಫ್ಯಾಂಟಮ್ ಹಿಡಿದು ಅಂಕಿ ಬಂದಿದೆ ಎಂದು ನೋಡದೆ ಎರಡು ಯಂತ್ರಗಳನ್ನು ಹೋಲಿಸಿದರೆ ತೀರ್ಮಾನವೇ ತಲೆಕೆಳಗಾದೀತು. ಎಂಆರ್‌ಐಗೆ ಪ್ರತಿ ಟೆಸ್ಲಾಕ್ಕೆ 42.58 ಮೆಗಾಹರ್ಟ್ಸ್ (ಹೈಡ್ರೋಜನ್ ನ್ಯೂಕ್ಲಿಯಸ್ಸಿನ ಅನುರಣನ ಕಂಪನಾಂಕ) ಎಂಬ ಒಂದು ಅಂಕಿಯಿಂದ ಹೊರಟು ಗ್ರೇಡಿಯಂಟ್, ಬ್ಯಾಂಡ್‌ವಿಡ್ತ್, ಸ್ಲೈಸ್ ದಪ್ಪ ಈ ಮೂರನ್ನು ಕಟ್ಟಲು ಬಂದರೆ ಉಳಿದದ್ದು ಅಭ್ಯಾಸ.

ನ್ಯೂಕ್ಲಿಯರ್ ಮೆಡಿಸಿನ್ನಿನಲ್ಲಿ ವಿದ್ಯಾರ್ಥಿಗಳು ಹಗುರವಾಗಿ ತೆಗೆದುಕೊಳ್ಳುವ ಉಪಕರಣ ಗೋಡೆ ಗಡಿಯಾರ. ಫ್ಲೋರಿನ್-18ರ ಅರ್ಧಾಯು 110 ನಿಮಿಷ. ಡೋಸ್ ಕ್ಯಾಲಿಬ್ರೇಟರ್ (ಚುಚ್ಚುವ ಔಷಧದ ವಿಕಿರಣ ಪ್ರಮಾಣ ಅಳೆಯುವ ಉಪಕರಣ) ಕೋಣೆಯ ಗಡಿಯಾರಕ್ಕೂ ಪೆಟ್ ಯಂತ್ರದ ಗಡಿಯಾರಕ್ಕೂ ಹತ್ತು ನಿಮಿಷ ವ್ಯತ್ಯಾಸವಿದ್ದರೆ ಎಸ್‌ಯುವಿ (ಅಂಗಾಂಶ ಎಷ್ಟು ಔಷಧ ಹೀರಿತು ಎಂಬ, ಚುಚ್ಚಿದ ಪ್ರಮಾಣಕ್ಕೂ ರೋಗಿಯ ತೂಕಕ್ಕೂ ಹೊಂದಿಸಿದ ಅಂಕಿ) ಸುಮಾರು 6% ತಪ್ಪುತ್ತದೆ. ಚುಚ್ಚಿದ ಮೇಲೆ ಸಿರಿಂಜಿನಲ್ಲಿ ಉಳಿದದ್ದನ್ನು ಅಳೆದು ಕಳೆಯದಿದ್ದರೆ ಇನ್ನಷ್ಟು. ರೋಗಿಯ ತೂಕ ಕೇಳಿ ಬರೆಯುವುದಲ್ಲ, ತೂಗಿಯೇ ಬರೆಯಬೇಕು.

ವಿಕಿರಣ ಸುರಕ್ಷತೆಯಲ್ಲಿ ಗೋಡೆಯ ಲೆಕ್ಕವನ್ನು ಒಮ್ಮೆಯಾದರೂ ಪೂರ್ತಿ ಮಾಡಿ. ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಮಿತಿ, ವಾರಕ್ಕೆ 0.02. ವಾರದ ಕೆಲಸ ಐಸೊಸೆಂಟರಿನಲ್ಲಿ 500 ಗ್ರೇ, ಬೀಮು ಆ ಗೋಡೆಯತ್ತ ತಿರುಗುವುದು ಕಾಲುಭಾಗ ಹೊತ್ತು, ಆಚೆ ಇಡೀ ದಿನ ಜನರಿರುತ್ತಾರೆ, ದೂರ 6 ಮೀಟರ್. 0.00002ನ್ನು 36ರಿಂದ ಗುಣಿಸಿ 125ರಿಂದ ಭಾಗಿಸಿ: 5.76ನ್ನು ಹತ್ತು ಲಕ್ಷದಿಂದ ಭಾಗಿಸಿದಷ್ಟು ಮಾತ್ರ ಆಚೆ ಹೋಗಬಹುದು. ಅಂದರೆ ಹತ್ತನೇ ಒಂದಕ್ಕಿಳಿಸುವ ಪದರ 5.24 ಬೇಕು. 6 ಎಂವಿಗೆ ಕಾಂಕ್ರೀಟಿನಲ್ಲಿ ಮೊದಲ ಪದರ 37 ಸೆಂ.ಮೀ., ಮುಂದಿನವು 33 ಸೆಂ.ಮೀ. ಒಟ್ಟು 177 ಸೆಂ.ಮೀ. ಎಡವುವುದು ಆ 6 ಮೀಟರಿನಲ್ಲಿ. ಅದನ್ನು ಐಸೊಸೆಂಟರಿನಿಂದಲ್ಲ, ಯಂತ್ರದೊಳಗೆ ಎಕ್ಸ್-ರೇ ಹುಟ್ಟುವ ಟಾರ್ಗೆಟ್ಟಿನಿಂದ ಗೋಡೆಯ ಆಚೆ 30 ಸೆಂ.ಮೀ.ವರೆಗೆ ಅಳೆಯಬೇಕು. ಇನ್ನೊಂದು: ಐಎಂಆರ್‌ಟಿಯಲ್ಲಿ (ಬೀಮಿನ ತೀವ್ರತೆಯನ್ನು ತುಣುಕು ತುಣುಕಾಗಿ ಬದಲಿಸುವ ಚಿಕಿತ್ಸೆ) ಎಂಯು ಹಲವು ಪಟ್ಟು ಹೆಚ್ಚಾಗುತ್ತದೆ. ಆ ಹೆಚ್ಚಳವನ್ನು ಲೀಕೇಜಿನ (ಯಂತ್ರದ ತಲೆಯಿಂದ ಸೋರುವ ವಿಕಿರಣ) ಲೆಕ್ಕಕ್ಕೆ ಸೇರಿಸಬೇಕು, ಮುಖ್ಯ ಬೀಮಿನ ಗೋಡೆಗೆ ಸೇರಿಸಬೇಕಿಲ್ಲ.

ಕೋಡಿಂಗ್ ಬಾರದೆ ಈಗ ಈ ಓದು ಮುಂದೆ ಸಾಗದು. ಪೈಥಾನ್ ಸಾಕು. ಡೈಕಾಮ್ (ವೈದ್ಯಕೀಯ ಚಿತ್ರ ಮತ್ತು ಡೋಸ್ ಇಡುವ ಮಾದರಿ) ಕಡತ ತೆರೆದಾಗ ಬರುವ ಡೋಸ್ ಅಂಕಿಗಳು ಗ್ರೇ ಅಲ್ಲ, ಪೂರ್ಣಾಂಕಗಳು. ಅದೇ ಕಡತದಲ್ಲಿರುವ ಡೋಸ್ ಗ್ರಿಡ್ ಸ್ಕೇಲಿಂಗ್ ಎಂಬ ಅಂಕಿಯಿಂದ ಗುಣಿಸಿದರೇನೇ ಗ್ರೇ. ಪಿಕ್ಸೆಲ್ ಸ್ಪೇಸಿಂಗಿನ ಮೊದಲ ಅಂಕಿ ಸಾಲುಗಳ ನಡುವಿನ ಅಂತರ, ಅಂದರೆ ಮೇಲೆ–ಕೆಳಗೆ. ಎರಡನೆಯದು ಅಡ್ಡ. ಅರೇ ತೆರೆದುಕೊಳ್ಳುವುದು ಸ್ಲೈಸ್, ಸಾಲು, ಕಾಲಂ ಎಂಬ ಕ್ರಮದಲ್ಲಿ. ಪಿಕ್ಸೆಲ್ ಚೌಕವಾಗಿರುವ ತನಕ ಅದಲು ಬದಲು ಗೊತ್ತೇ ಆಗುವುದಿಲ್ಲ. ಹಾಗಾಗಿ ಕೋಡನ್ನು ಪರೀಕ್ಷಿಸಲು ಬೇಕೆಂದೇ ಚೌಕವಲ್ಲದ, ಎಡ–ಬಲ ಒಂದೇ ಥರ ಇಲ್ಲದ ಒಂದು ಫ್ಯಾಂಟಮ್ ಕಡತ ಇಟ್ಟುಕೊಳ್ಳಿ.

ಮಾಂಟೆ ಕಾರ್ಲೊ (ಒಂದೊಂದು ಕಣದ ದಾರಿಯನ್ನೂ ಯಾದೃಚ್ಛಿಕ ಸಂಖ್ಯೆಗಳಿಂದ ಅನುಕರಿಸುವ ಲೆಕ್ಕ) ಕಡೆ ಹೋಗುವವರಿಗೆ ಮೂರು ಎಚ್ಚರಿಕೆ. ಅನಿಶ್ಚಿತತೆ ಅರ್ಧವಾಗಬೇಕಾದರೆ ಕಣಗಳ ಸಂಖ್ಯೆ ನಾಲ್ಕು ಪಟ್ಟಾಗಬೇಕು. ಕಂಪ್ಯೂಟರಿನ ಸಮಯವನ್ನು ಮೊದಲೇ ಅಂದಾಜು ಮಾಡಿ, ಪ್ರಬಂಧದ ಕೊನೆಯ ತಿಂಗಳಿಗೆ ಇಟ್ಟುಕೊಳ್ಳಬೇಡಿ. ಒಂದೇ ಫೇಸ್ ಸ್ಪೇಸ್ ಕಡತವನ್ನು (ಯಂತ್ರದಿಂದ ಹೊರಬಂದ ಕಣಗಳ ಪಟ್ಟಿ) ನೂರು ಸಲ ತಿರುಗಿಸಿದರೆ ತೋರುವ ಅನಿಶ್ಚಿತತೆ ಕೆಳಗಿಳಿಯುತ್ತದೆ, ಆದರೆ ಆ ಕಡತದೊಳಗಿನ ಏರುಪೇರು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಇಜಿಎಸ್‌ಎನ್‌ಆರ್‌ಸಿ ಎಂಬ ಮಾಂಟೆ ಕಾರ್ಲೊ ತಂತ್ರಾಂಶದಲ್ಲಿ ಎಲೆಕ್ಟ್ರಾನಿನ ಕಟ್‌ಆಫ್ (ಕಣವನ್ನು ಹಿಂಬಾಲಿಸುವುದನ್ನು ನಿಲ್ಲಿಸುವ ಶಕ್ತಿಯ ಮಿತಿ) ಬರೆಯುವಾಗ ವಿರಾಮ ದ್ರವ್ಯರಾಶಿಯ 0.511 ಮೆಗಾ ಎಲೆಕ್ಟ್ರಾನ್ ವೋಲ್ಟ್ ಸೇರಿಸಿ ಬರೆಯಬೇಕು. 0.521 ಎಂದರೆ ಚಲನಶಕ್ತಿ 10 ಕಿಲೋ ಎಲೆಕ್ಟ್ರಾನ್ ವೋಲ್ಟ್. 0.7 ಎಂದಿಟ್ಟರೆ 189. ಚೇಂಬರಿನ ಗಾಳಿಯೊಳಗಿನ ಲೆಕ್ಕಕ್ಕೆ ಅದು ತೀರಾ ಒರಟು.

ಪ್ರಬಂಧಕ್ಕೆ ವಿಷಯ ಆರಿಸುವಾಗ ಹಲವರು ಐಎಂಆರ್‌ಟಿ ಪ್ಲ್ಯಾನುಗಳ ಗಾಮಾ ಫಲಿತಾಂಶಕ್ಕೆ (ಅಳೆದ ಡೋಸ್ ಲೆಕ್ಕದ ಡೋಸಿಗೆ ಹೊಂದುತ್ತದೆಯೇ ಎಂದು ಬಿಂದು ಬಿಂದುವಾಗಿ ನೋಡುವ ಪರೀಕ್ಷೆ) ಬರುತ್ತಾರೆ. ಒಳ್ಳೆಯ ವಿಷಯವೇ, ಆದರೆ ಆ ಪರೀಕ್ಷೆ ಏನನ್ನು ನೋಡುವುದಿಲ್ಲ ಎಂದು ಮೊದಲು ತಿಳಿಯಬೇಕು. 3%, 2 ಮಿ.ಮೀ. ಮಾನದಂಡದಲ್ಲಿ 95% ಬಿಂದುಗಳು ಪಾಸಾದರೆ ಸಾಕು ಎಂಬುದು ಈಗ ಬಳಕೆಯಲ್ಲಿರುವ ಮಿತಿ. ಯಂತ್ರದ ಔಟ್‌ಪುಟ್ ಇಡಿಯಾಗಿ 2% ತಪ್ಪಿದೆ ಎನ್ನಿ. ಬೇರೆ ತಪ್ಪು ಇಲ್ಲದಿದ್ದರೆ ಆ ಪ್ಲ್ಯಾನು ನೂರಕ್ಕೆ ನೂರು ಪಾಸಾಗುತ್ತದೆ, ಏಕೆಂದರೆ 2 ಎಂಬುದು 3ರ ಒಳಗಿದೆ. ಅಳತೆಗೆ ಮುನ್ನ ಡಿಟೆಕ್ಟರನ್ನು ಅದೇ ದಿನದ ಅದೇ ಯಂತ್ರಕ್ಕೆ ಹೊಂದಿಸಿಕೊಂಡಿದ್ದರೆ ಆ 2% ಕಣ್ಣಿಗೂ ಬೀಳುವುದಿಲ್ಲ. ಅದನ್ನು ಹಿಡಿಯುವುದು ನೀರಿನ ತೊಟ್ಟಿ ಮಾತ್ರ. ಪ್ರಬಂಧದಲ್ಲಿ ಗಾಮಾ ಬರೆದರೆ ಗ್ಲೋಬಲ್ಲೋ ಲೋಕಲ್ಲೋ (ಶೇಕಡಾ ಗರಿಷ್ಠ ಡೋಸಿನದೋ ಆಯಾ ಬಿಂದುವಿನದೋ), ಎಷ್ಟು ಶೇಕಡಾಕ್ಕಿಂತ ಕೆಳಗಿನ ಡೋಸನ್ನು ಬಿಟ್ಟಿರಿ, ಗ್ರಿಡ್ ಎಷ್ಟು, ಡಿಟೆಕ್ಟರಿನ ಹೊಂದಾಣಿಕೆ ಹೇಗೆ ಮಾಡಿದಿರಿ ಇಷ್ಟನ್ನಾದರೂ ಬರೆಯಿರಿ. ಇಲ್ಲವಾದರೆ ಆ ಶೇಕಡಾವನ್ನು ಇನ್ನೊಬ್ಬರು ಯಾವುದಕ್ಕೂ ಹೋಲಿಸಲಾರರು.

ಅಳತೆ ಪುಸ್ತಕ ಹೇಗಿರಬೇಕೆಂದು ಕೇಳುವವರಿಗೆ: ದಿನಾಂಕ, ಯಂತ್ರ, ಬೀಮ್, ಚೇಂಬರ್ ಮತ್ತು ಎಲೆಕ್ಟ್ರೋಮೀಟರ್ ಸೀರಿಯಲ್ ನಂಬರ್, ಸರ್ಟಿಫಿಕೇಟಿನ ದಿನಾಂಕ, ವೋಲ್ಟೇಜ್ ಮತ್ತು ಅದರ ಚಿಹ್ನೆ, ಎಲೆಕ್ಟ್ರೋಮೀಟರಿನ ರೇಂಜ್, ನೀರಿನ ಉಷ್ಣತೆ ಶುರುವಿನಲ್ಲಿ ಒಮ್ಮೆ ಕೊನೆಯಲ್ಲಿ ಒಮ್ಮೆ, ಒತ್ತಡ ಮತ್ತು ಅದನ್ನು ಯಾವ ಬ್ಯಾರೋಮೀಟರಿನಿಂದ ಓದಿದಿರಿ ಎಂಬುದು, ಆಮೇಲೆ ತಿದ್ದದ ರೀಡಿಂಗುಗಳು ಒಂದೊಂದಾಗಿ. ಸರಾಸರಿಯನ್ನಷ್ಟೇ ಬರೆಯಬೇಡಿ. 10.98, 10.98, 10.71, 10.98 ಎಂದಿದ್ದರೆ ಆ ಮೂರನೆಯದೇ ಮುಖ್ಯ ಸುದ್ದಿ: ಕೇಬಲ್ ಸಡಿಲವೋ, ಬೀಮ್ ನಡುವೆ ನಿಂತಿತೋ, ಎಂಯು ತಪ್ಪಾಗಿ ಒತ್ತಿದ್ದೋ ಹುಡುಕಬೇಕು.

ಲೆಕ್ಕ ಮುಗಿದ ಮೇಲೆ ನಿಮ್ಮ ಹಾಳೆಯನ್ನು ಸಹಪಾಠಿಗೆ ತೋರಿಸಿ ‘ಸರಿಯಿದೆಯಾ ನೋಡು’ ಎನ್ನಬೇಡಿ. ನೋಡಿದವರ ಕಣ್ಣು ಅದೇ ದಾರಿಯಲ್ಲಿ ನಡೆಯುತ್ತದೆ. ತಿದ್ದದ ರೀಡಿಂಗುಗಳನ್ನಷ್ಟೇ ಕೊಟ್ಟು, ಅವರು ತಮ್ಮದೇ ಹಾಳೆಯಲ್ಲಿ ಮೊದಲಿನಿಂದ ಮಾಡಲಿ. ಇದನ್ನೇ ದೊಡ್ಡ ಮಟ್ಟದಲ್ಲಿ ಮಾಡುವ ವ್ಯವಸ್ಥೆಯೂ ಇದೆ. ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ 1969ರಿಂದ ಅಂಚೆಯಲ್ಲಿ ಪುಟ್ಟ ಡೋಸಿಮೀಟರುಗಳನ್ನು ಕಳಿಸಿ, ಆಸ್ಪತ್ರೆಗಳು ಅವಕ್ಕೆ ನೀರಿನಲ್ಲಿ 2 ಗ್ರೇ ಕೊಟ್ಟು ವಾಪಸ್ ಕಳಿಸಿದ ಮೇಲೆ ಓದಿ ಹೇಳುತ್ತವೆ. ವ್ಯತ್ಯಾಸ 5%ರೊಳಗಿದ್ದರೆ ಒಪ್ಪಿಗೆ. ನೀವು ಕಲಿಯುವ ವಿಭಾಗಕ್ಕೆ ಇಂಥ ಲೆಕ್ಕಪರೀಕ್ಷೆ ಬಂದರೆ ಆ ದಿನ ಕನ್ಸೋಲ್ ಪಕ್ಕದಲ್ಲಿ ನಿಲ್ಲಲು ಅನುಮತಿ ಕೇಳಿ. 2 ಗ್ರೇಗೆ ಎಷ್ಟು ಎಂಯು ಬೇಕೆಂದು ನಿಮ್ಮ ಪುಸ್ತಕದಲ್ಲಿ ನೀವೇ ಲೆಕ್ಕ ಹಾಕಿ, ಬೀಮ್ ಹಚ್ಚುವ ಮುನ್ನವೇ ಬರೆದಿಟ್ಟುಕೊಳ್ಳಿ.